ತೆರೆಯ ಮೇಲಿನ ಸವಾರಿ, ಗಾಜಿನೊಳಗಿನ ಕಡಲು

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ದೊಡ್ಡವರ ಸಂಬಂಧವಿದ್ದೂ ಕೈಗೇನೂ ದಕ್ಕದವರನ್ನು ಕುರಿತು ಹುಟ್ಟಿದ ಮಾತು ಅದು. ಆದರೆ ಕಡಲಿನೊಂದಿಗೆ ನಮಗಿರುವ ಪರಿಚಯಕ್ಕೂ ಚೆನ್ನಾಗಿಯೇ ಒಪ್ಪುತ್ತದೆ. ಘಟ್ಟದ ಮೇಲಿನವರು ರಜೆಯಲ್ಲಿ ಮಲ್ಪೆಗೋ ಮುರುಡೇಶ್ವರಕ್ಕೋ ಹೋಗುತ್ತಾರೆ. ಸೂರ್ಯ ಮುಳುಗುವುದನ್ನು ನೋಡಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಚುರುಮುರಿ ತಿಂದು ಹಿಂದಿರುಗುತ್ತಾರೆ. ಕಡಲೆಂದರೆ ಅವರಿಗೆ ಇಷ್ಟವೇ. ಆದರೆ ಕಾಲಿಗೆ ಬಡಿದ ಆ ತೆರೆ ಎಲ್ಲಿಂದ ಹೊರಟು ಬಂತು, ಆ ನೀರಿನ ಕೆಳಗೆ ಯಾರು ಬದುಕಿದ್ದಾರೆ ಎಂದರೆ ಉತ್ತರವಿಲ್ಲ. ಮೊಗವೀರರಿಗೆ, ಖಾರ್ವಿಗಳಿಗೆ ಗೊತ್ತು. ಅವರದು ಹೊಟ್ಟೆಪಾಡು ಕಲಿಸಿದ, ತಲೆಮಾರುಗಳಿಂದ ಇಳಿದು ಬಂದ ತಿಳಿವಳಿಕೆ. ಕಡಲನ್ನೇ ನಂಬಿ ಬದುಕದವನು ಅದನ್ನು ಒಳಗಿನಿಂದ ಅರಿಯುವುದು ಹೇಗೆ?

ಇದಕ್ಕೆ ಜಗತ್ತು ಕಂಡುಕೊಂಡ ಉತ್ತರಗಳಲ್ಲಿ ಎರಡು ಬಹಳ ಸ್ವಾರಸ್ಯವಾದವು. ಒಂದು, ಹಲಗೆಯ ಮೇಲೆ ನಿಂತು ತೆರೆಯ ಸವಾರಿ ಮಾಡುವ ಸರ್ಫಿಂಗ್. ಇನ್ನೊಂದು, ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳಗಳನ್ನು ಸಾಕುವುದು. ಮೇಲ್ನೋಟಕ್ಕೆ ಎರಡೂ ಉಳ್ಳವರ ಕಾಲಹರಣ. ಒಂದಕ್ಕೂ ಇನ್ನೊಂದಕ್ಕೂ ಎತ್ತಣ ಸಂಬಂಧ ಎಂದೂ ಅನ್ನಿಸಬಹುದು. ಆದರೆ ಇವೆರಡರ ಬೇರೂ ಒಂದೇ ಜಾಗದಲ್ಲಿದೆ: ಹವಳದ ದಿಬ್ಬದಲ್ಲಿ.

ಹವಳವೆಂದರೆ ನಮಗೆ ನವರತ್ನಗಳಲ್ಲೊಂದಾದ ಕೆಂಪು ಮಣಿ. ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದಿಂದ ಬರುತ್ತಿದ್ದ ಆ ಹವಳ ದಿಬ್ಬ ಕಟ್ಟುವ ಜಾತಿಯದಲ್ಲ. ದಿಬ್ಬ ಕಟ್ಟುವ ಹವಳ ಹೂವಿನಂತೆ ಅರಳುವ ಒಂದು ಪುಟ್ಟ ಪ್ರಾಣಿ. ಅದು ಕಡಲ ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತನ್ನ ಕೆಳಗೆ ಕಲ್ಲಿನ ಬಟ್ಟಲೊಂದನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸವಾಗಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಪಾಲು ಕೊಡುತ್ತವೆ. ಇಂಥ ಕೋಟ್ಯಂತರ ಜೀವಿಗಳು ಸಾವಿರಾರು ವರ್ಷ ಕಟ್ಟಿದ ಸುಣ್ಣದ ಗೋಡೆಯೇ ಹವಳದ ದಿಬ್ಬ. ಹವಾಯಿ ದ್ವೀಪದ ಜನರಿಗೆ ಇದರ ಮಹತ್ವ ವಿಜ್ಞಾನಕ್ಕಿಂತ ಮೊದಲೇ ಗೊತ್ತಿತ್ತು ಎನ್ನಬೇಕು. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ‘ಕುಮುಲಿಪೊ’ ಅವರ ಸೃಷ್ಟಿಗೀತೆ. ಅದರಲ್ಲಿ ಕತ್ತಲೆಯಿಂದ ಮೊದಲು ಹುಟ್ಟುವ ಜೀವಿ ಸಿಂಹವಲ್ಲ, ಮನುಷ್ಯನಲ್ಲ, ಹವಳದ ಹುಳು.

ತೆರೆಯ ಸವಾರಿಯೂ ಅದೇ ಜನರದು. ಪಾಲಿನೇಷ್ಯದ ದ್ವೀಪಗಳಲ್ಲೆಲ್ಲ ಒಂದಲ್ಲ ಒಂದು ರೂಪದಲ್ಲಿ ಇದ್ದ ಈ ಆಟವನ್ನು ಐರೋಪ್ಯರು ಮೊದಲು ಬರೆದಿಟ್ಟದ್ದು ತಹೀತಿಯಲ್ಲಿ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಬಂದಿದ್ದ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್, ಹಳೆಯ ದೋಣಿಯೊಂದರ ತುಂಡನ್ನು ಹಿಡಿದು ಜನರು ಅಬ್ಬರದ ತೆರೆಗಳಲ್ಲಿ ಆಡುವುದನ್ನು ಬೆರಗಿನಿಂದ ಗಮನಿಸಿದ. ಅಂಥ ತೆರೆಗೆ ಸಿಕ್ಕ ಯೂರೋಪಿನವನು ಉಳಿಯುತ್ತಿರಲಿಲ್ಲ ಎಂಬುದು ಅವನ ಅಚ್ಚರಿಗೆ ಕಾರಣ. ಹತ್ತು ವರ್ಷಗಳ ನಂತರ, 1779ರಲ್ಲಿ, ಹವಾಯಿಯ ಕೆಅಲಕೆಕುಅ ಕೊಲ್ಲಿಯಲ್ಲಿ ಕುಕ್ ಕೊಲೆಯಾದ. ಅವನ ಸಹಾಯಕ ಜೇಮ್ಸ್ ಕಿಂಗ್ ದಿನಚರಿಯನ್ನು ಮುಂದುವರಿಸುತ್ತ ಅಲ್ಲಿನವರ ಹಲಗೆಯಾಟವನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ.

ಹವಾಯಿಯಲ್ಲಿ ಇದು ಬರಿಯ ಆಟವಾಗಿರಲಿಲ್ಲ. ರಾಜವಂಶದವರಿಗೆ ‘ಓಲೋ’ ಎಂಬ ಉದ್ದನೆಯ ಹಗುರ ಮರದ ಹಲಗೆ, ಸಾಮಾನ್ಯರಿಗೆ ‘ಅಲಾಯ’ ಎಂಬ ತೆಳು ಹಲಗೆ. ಮರ ಕಡಿಯುವ ಮುನ್ನ ಬುಡದಲ್ಲಿ ಕೆಂಪು ಮೀನೊಂದನ್ನು ಅರ್ಪಿಸುವ ಪದ್ಧತಿಯಿತ್ತು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ನೀರಿಗಿಳಿಯುತ್ತಿದ್ದರು. ಮುಂದೆ ಹಡಗುಗಳ ಜೊತೆ ಬಂದ ರೋಗಗಳು ಈ ಲೋಕವನ್ನೇ ಅಲ್ಲಾಡಿಸಿದವು. ಕುಕ್ ಬಂದಾಗ ಕೆಲವು ಲಕ್ಷಗಳಷ್ಟಿದ್ದ ಮೂಲನಿವಾಸಿಗಳು 1890ರ ವೇಳೆಗೆ ಸುಮಾರು 40 ಸಾವಿರಕ್ಕೆ ಇಳಿದರು. 1820ರಲ್ಲಿ ಬಂದಿಳಿದ ಕ್ರೈಸ್ತ ಮಿಷನರಿಗಳಿಗೆ ಅರೆಬತ್ತಲೆ ಆಟ, ಅದರ ಮೇಲಿನ ಜೂಜು ಹಿಡಿಸಲಿಲ್ಲ. ಸರ್ಫಿಂಗನ್ನು ಮಿಷನರಿಗಳು ಕೊಂದರು ಎನ್ನುವುದು ರೂಢಿಯ ಮಾತು. ನನಗನ್ನಿಸುವಂತೆ ಅದು ಅರ್ಧ ಸತ್ಯ. ಆಡುವವರೇ ಸತ್ತುಹೋದ ಮೇಲೆ ಆಟವನ್ನು ಬೇರೆಯಾಗಿ ಕೊಲ್ಲಬೇಕಿಲ್ಲ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು, 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ರಾಜ್ಯ ಕಳೆದುಕೊಂಡ ಆ ರಾಣಿ ಕುಮುಲಿಪೊವನ್ನು ಇಂಗ್ಲಿಷಿಗೆ ಅನುವಾದಿಸಿ 1897ರಲ್ಲಿ ಪ್ರಕಟಿಸಿದಳು.

ಅಳಿದುಳಿದ ಆಟ ಮತ್ತೆ ಚಿಗುರಿದ್ದು ಹೊನೊಲುಲುವಿನ ವೈಕಿಕಿ ಕಡಲತೀರದಲ್ಲಿ. ಅಲ್ಲಿ ಬೆಳೆದ ಡ್ಯೂಕ್ ಕಹನಮೊಕು 1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ. ಆ ಕೀರ್ತಿಯ ಬೆನ್ನೇರಿ ತನ್ನ ಹಲಗೆಯನ್ನೂ ದೇಶದೇಶಗಳಿಗೆ ಕೊಂಡೊಯ್ದ. 1914-15ರಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ತೀರದಲ್ಲಿ, ಅಲ್ಲೇ ಸಿಕ್ಕ ಮರದಿಂದ ಹಲಗೆ ಕೆತ್ತಿ ಆತ ಆಡಿ ತೋರಿಸಿದ ಮೇಲೆ ಆಸ್ಟ್ರೇಲಿಯಕ್ಕೆ ಅದರ ಹುಚ್ಚು ಹಿಡಿಯಿತು. 1925ರಲ್ಲಿ ಕ್ಯಾಲಿಫೋರ್ನಿಯದ ಕಡಲಲ್ಲಿ ದೋಣಿಯೊಂದು ಮಗುಚಿದಾಗ ಇದೇ ಡ್ಯೂಕ್ ಹಲಗೆಯ ಮೇಲೆ ಮತ್ತೆ ಮತ್ತೆ ಹೋಗಿ ಎಂಟು ಜನರ ಜೀವ ಉಳಿಸಿದ. ಇನ್ನೊಂದು ಸಂಗತಿಯನ್ನು ಸರ್ಫಿಂಗ್ ಚರಿತ್ರೆಕಾರರು ಅಷ್ಟಾಗಿ ಗಮನಿಸುವುದಿಲ್ಲ. ಅದೇ ವೈಕಿಕಿ ತೀರದಲ್ಲಿ 1904ರಲ್ಲಿ ಒಂದು ಅಕ್ವೇರಿಯಂ ತೆರೆದಿತ್ತು. ಕಟ್ಟಿಸಿದ್ದು ಟ್ರಾಮ್ ಕಂಪೆನಿ. ಜನ ಕೊನೆಯ ನಿಲ್ದಾಣದವರೆಗೂ ಟಿಕೇಟು ಕೊಂಡು ಬರಲಿ ಎಂಬ ವ್ಯಾಪಾರಿ ಲೆಕ್ಕಾಚಾರ ಅದರ ಹಿಂದಿತ್ತು. ಹೀಗೆ ಒಂದೇ ದಿಬ್ಬದ ಮೇಲೆ ಮುರಿಯುವ ತೆರೆಯನ್ನು ಡ್ಯೂಕ್‌ನ ಗೆಳೆಯರು ಏರುತ್ತಿದ್ದಾಗ, ಅದರ ಬುಡದಲ್ಲಿದ್ದ ಮೀನುಗಳನ್ನು ಜನ ಕಾಸು ಕೊಟ್ಟು ಗಾಜಿನಾಚೆ ನೋಡುತ್ತಿದ್ದರು.

ತೆರೆಗೂ ದಿಬ್ಬಕ್ಕೂ ಇರುವ ಸಂಬಂಧವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಕಡಲಿನ ನಡುವೆ ಬಿರುಗಾಳಿ ಎದ್ದಾಗ ನೀರಿಗೆ ಸಿಕ್ಕ ಶಕ್ತಿ ಉಬ್ಬುಗಳಾಗಿ ಹೊರಡುತ್ತದೆ. ಪ್ರಯಾಣ ಮಾಡುವುದು ಶಕ್ತಿ. ನೀರು ಇದ್ದಲ್ಲೇ ಸುತ್ತು ಹಾಕುತ್ತದೆ, ಗಾಳಿಗೆ ತೂಗುವ ಪೈರಿನ ಹಾಗೆ. ಆಳ ಕಡಿಮೆಯಾದಲ್ಲಿ ಉಬ್ಬಿನ ಬುಡ ತಡೆದು ತಲೆ ಮುಂದಕ್ಕೆ ಬಾಗಿ ಮುರಿಯುತ್ತದೆ. ಮರಳಿನ ತಳದಲ್ಲಿ ಈ ಮುರಿತ ದಿನಕ್ಕೊಂದು ಬಗೆ. ಹವಳದ ದಿಬ್ಬ ಅಲುಗದ ಕಾರಣ ತೆರೆ ಪ್ರತಿಸಲವೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಏಳುತ್ತದೆ. ಹವಾಯಿಯ ಪೈಪ್‌ಲೈನ್, ತಹೀತಿಯ ಟೆಅಹುಪೊಒ ಮೊದಲಾದ ಜಗತ್ಪ್ರಸಿದ್ಧ ತೆರೆಗಳಿಗೆಲ್ಲ ಬುಡದಲ್ಲಿ ದಿಬ್ಬವಿದೆ. ಇದನ್ನು ಸರ್ಫರ್ ಪುಸ್ತಕದಿಂದ ಕಲಿಯುವುದಿಲ್ಲ. ಗಾಳಿ ಯಾವ ದಿಕ್ಕಿನದು, ಉಬ್ಬರವೋ ಇಳಿತವೋ, ಒಂದು ಉಬ್ಬಿಗೂ ಮುಂದಿನದಕ್ಕೂ ಎಷ್ಟು ಸೆಕೆಂಡು ಎಂದು ಎಣಿಸುತ್ತ ಗಂಟೆಗಟ್ಟಲೆ ನೀರಿನಲ್ಲಿ ಕೂರುತ್ತಾನೆ. ಎದ್ದು ನಿಂತು ಸವಾರಿ ಮಾಡುವುದು ಕೆಲವೇ ಕ್ಷಣ. ಮಿಕ್ಕದ್ದೆಲ್ಲ ಕಾಯುವುದು, ನೋಡುವುದು.

ಈ ಎಣಿಕೆಗೆ ವಿಜ್ಞಾನದ ಬಲ ಬಂದದ್ದು ಯುದ್ಧದಿಂದ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ದಡಕ್ಕಿಳಿಸುವ ದಿನ ತೆರೆ ಎಷ್ಟೆತ್ತರ ಇದ್ದೀತೆಂದು ಮೊದಲೇ ತಿಳಿಯಬೇಕಿತ್ತು. ಹರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮುಂಕ್ ಎಂಬ ಸಮುದ್ರ ವಿಜ್ಞಾನಿಗಳು ರೂಪಿಸಿದ ವಿಧಾನ 1944ರ ನಾರ್ಮಂಡಿ ಕಾರ್ಯಾಚರಣೆಯಲ್ಲಿ ಬಳಕೆಯಾಯಿತು. 1963ರಲ್ಲಿ ಮುಂಕ್ ಇನ್ನೂ ಮುಂದೆ ಹೋದರು. ನ್ಯೂಜಿಲೆಂಡ್‌ನಿಂದ ಅಲಾಸ್ಕದವರೆಗೆ ಅಳತೆಯ ಠಾಣೆಗಳನ್ನಿಟ್ಟು, ಅಂಟಾರ್ಕ್ಟಿಕದ ಬಳಿಯ ಬಿರುಗಾಳಿಯಲ್ಲಿ ಹುಟ್ಟಿದ ಉಬ್ಬು ಇಡೀ ಪೆಸಿಫಿಕ್ ದಾಟಿ ಅಲಾಸ್ಕದ ದಡ ಮುಟ್ಟುವುದನ್ನು ತೋರಿಸಿದರು. ಇಂದು ಸರ್ಫರುಗಳು ನೋಡುವ ತೆರೆಯ ಮುನ್ಸೂಚನೆಗೆ ಮೂಲ ಈ ಕೆಲಸ. ನಮ್ಮ ಪಶ್ಚಿಮ ಕರಾವಳಿಗೂ ಇಂಥ ದೂರದ ಅತಿಥಿಗಳು ಬರುತ್ತವೆ. ಗಾಳಿಯಿಲ್ಲದ ದಿನ ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗುವ ಕಡಲನ್ನು ಕೇರಳದ ಬೆಸ್ತರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಅದು ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಯ ಕೂಸು. ಈಗ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇದರ ಬಗ್ಗೆ ಮುಂಚಿತವಾಗಿ ಎಚ್ಚರಿಸುತ್ತದೆ.

ನಮ್ಮ ಮೂಲ್ಕಿಯ ಹೆಸರೂ ಈ ಚರಿತ್ರೆಯಲ್ಲಿ ಸಣ್ಣದಾಗಿ ಬರುತ್ತದೆ. 2004ರಲ್ಲಿ ಅಲ್ಲಿ, ಕೃಷ್ಣಭಕ್ತನಾಗಿ ಸನ್ಯಾಸ ಪಡೆದ ಅಮೆರಿಕದ ಹಳೆಯ ಸರ್ಫರ್ ಒಬ್ಬರ ಆಶ್ರಮದಲ್ಲಿ ದೇಶದ ಮೊದಲ ಸರ್ಫಿಂಗ್ ಕ್ಲಬ್ ಆರಂಭವಾಯಿತು. 2016ರಲ್ಲಿ ಹತ್ತಿರದ ಸಸಿಹಿತ್ಲುವಿನಲ್ಲಿ ‘ಇಂಡಿಯಾ ಓಪನ್’ ಸ್ಪರ್ಧೆ ನಡೆಯಿತು. ಅಲ್ಲಿರುವುದು ಹವಳದ ದಿಬ್ಬವಲ್ಲ. ಅಳಿವೆಯ ಮರಳು ದಿಬ್ಬ, ಪ್ರತಿ ಮಳೆಗಾಲ ಕಳೆದ ಮೇಲೆ ಜಾಗ ಬದಲಿಸುವಂಥದ್ದು. ಅದನ್ನು ಓದುವ ವಿದ್ಯೆಯಲ್ಲಿ ಊರಿನ ಮೀನುಗಾರರ ಮಕ್ಕಳಿಗೆ ಹೊರಗಿನವರು ಕಲಿಸಬೇಕಾದ್ದು ಹೆಚ್ಚೇನೂ ಇರಲಿಲ್ಲ ಎಂದು ಕಾಣುತ್ತದೆ.

ಇನ್ನು ಗಾಜಿನೊಳಗಿನ ಕಡಲು. ಇದರ ಮೊದಲ ಹೆಸರುಗಳು ಹೆಂಗಸರವು. ಫ್ರಾನ್ಸಿನ ಹಳ್ಳಿಯೊಂದರ ಚಮ್ಮಾರನ ಮಗಳು ಜಾನ್ ವಿಲ್‌ಪ್ರೆ ಪ್ಯಾರಿಸ್ಸಿಗೆ ಹೋಗಿ ದರ್ಜಿಯಾಗಿ ಹೆಸರು ಮಾಡಿದಳು. ಪವರ್ ಎಂಬ ಇಂಗ್ಲಿಷ್ ವರ್ತಕನನ್ನು ಮದುವೆಯಾಗಿ ಸಿಸಿಲಿ ದ್ವೀಪದಲ್ಲಿ ನೆಲೆಸಿದಳು. ಆರ್ಗೊನಾಟ್ ಎಂಬ ಆಕ್ಟೋಪಸ್ ಜಾತಿಯ ಪ್ರಾಣಿ ತಾನಿರುವ ಚಿಪ್ಪನ್ನು ತಾನೇ ಕಟ್ಟುತ್ತದೆಯೋ, ಇನ್ನೊಂದರಿಂದ ಕದಿಯುತ್ತದೆಯೋ ಎಂದು ಪಂಡಿತರು ಜಗಳವಾಡುತ್ತಿದ್ದ ಕಾಲ ಅದು. 1832ರಲ್ಲಿ ಆಕೆ ಗಾಜಿನ ತೊಟ್ಟಿ ಮಾಡಿಸಿ, ಅವುಗಳನ್ನು ಜೀವಂತ ಸಾಕಿ, ಚಿಪ್ಪು ಸ್ವಂತದ್ದೇ ಎಂದು ಸಾಬೀತು ಮಾಡಿದಳು. ಇಂಗ್ಲೆಂಡಿನ ಆನ್ನಾ ಥಿನ್ 1846ರಲ್ಲಿ ಟಾರ್ಕೀ ತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ವರ್ಷಗಟ್ಟಲೆ ಉಳಿಸಿಕೊಂಡಳು. ನೀರಿನಲ್ಲಿ ಗಾಳಿ ಬೆರೆಯಲೆಂದು ಮನೆಯ ಕೆಲಸದಾಕೆ ಕಿಟಕಿಯ ಬಳಿ ನಿಂತು, ದಿನವೂ ಮುಕ್ಕಾಲು ಗಂಟೆಯವರೆಗೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದಳಂತೆ. ವಿಜ್ಞಾನದ ಚರಿತ್ರೆ ಆ ಕೆಲಸದಾಕೆಯ ಹೆಸರನ್ನು ಉಳಿಸಿಕೊಂಡಿಲ್ಲ.

1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆ ತೆಗೆದುಹಾಕಿತ್ತು. ರೈಲು ಕಡಲತೀರಕ್ಕೆ ಜನರನ್ನು ಒಯ್ಯತೊಡಗಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಆ ಹೆಸರನ್ನು ಎಲ್ಲರ ಬಾಯಲ್ಲಿ ನಿಲ್ಲಿಸಿತು. ಆಮೇಲೆ ನಡೆದದ್ದು ಸುತ್ತಿಗೆ, ಉಳಿ, ಬಕೆಟ್ಟು ಹಿಡಿದ ಸಭ್ಯಸ್ಥರ ದಂಡಯಾತ್ರೆ. ಇಂಗ್ಲೆಂಡಿನ ದಕ್ಷಿಣ ತೀರದ ಬಂಡೆಗುಂಡಿಗಳಲ್ಲಿ ಯುಗಯುಗಗಳಿಂದ ನೆಮ್ಮದಿಯಾಗಿದ್ದ ಜೀವಿಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ, ಈ ನಾಶಕ್ಕೆ ತಂದೆಯ ಪುಸ್ತಕಗಳೇ ಕಾರಣವಾದದ್ದನ್ನೂ ಅದರಿಂದ ತಂದೆ ಪಟ್ಟ ಸಂಕಟವನ್ನೂ ಬರೆದಿದ್ದಾನೆ. ಕಡಲನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಕಡಲತೀರವನ್ನು ಬರಿದು ಮಾಡಿತು.

ಅಕ್ವೇರಿಯಂ ನಮ್ಮ ದೇಶಕ್ಕೂ ಬೇಗನೆ ಬಂತು. ಮದರಾಸಿನ ಮರೀನಾದಲ್ಲಿ 1909ರಲ್ಲಿ, ಮುಂಬಯಿಯ ತಾರಾಪೋರವಾಲಾ 1951ರಲ್ಲಿ ತೆರೆದವು. ಆದರೆ ಮನೆಯಲ್ಲಿ ಬಿಸಿಲುನಾಡಿನ ಹವಳ ಸಾಕುವುದು ಬಹಳ ಕಾಲ ಯಾರಿಗೂ ಸಾಧ್ಯವಾಗಿರಲಿಲ್ಲ. ತಂದ ಹವಳ ವಾರಗಳಲ್ಲಿ ಸಾಯುತ್ತಿತ್ತು. ದಾರಿ ತೋರಿಸಿದವರು ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅವರು ಬರೆದ ಲೇಖನದ ಸಾರ ಸರಳ: ದುಬಾರಿ ಯಂತ್ರ ಬೇಡ; ಕಡಲಿನ ಜೀವಂತ ಕಲ್ಲುಗಳನ್ನು ತೊಟ್ಟಿಯಲ್ಲಿಡಿ, ಸಣ್ಣಗೆ ಗಾಳಿಗುಳ್ಳೆ ಬಿಡಿ, ಬಿಸಿಲು ಬೀಳಲಿ. ಆ ಕಲ್ಲಿನ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಗಳು ಮೀನಿನ ಕಲ್ಮಶದ ಅಮೋನಿಯವನ್ನು ಹಂತಹಂತವಾಗಿ ನಿರಪಾಯ ಮಾಡುತ್ತವೆ. ಎರಡು ದಶಕಗಳ ನಂತರ ಬರ್ಲಿನ್ನಿನ ಹವ್ಯಾಸಿಗಳು ಇದೇ ತತ್ತ್ವಕ್ಕೆ ಪ್ರಖರ ದೀಪವನ್ನೂ ನೊರೆಯೆಬ್ಬಿಸಿ ಕೊಳೆ ತೆಗೆಯುವ ಸಾಧನವನ್ನೂ ಸೇರಿಸಿ, ಕವಲು ಕವಲಾದ ಹವಳಗಳನ್ನು ಬೆಳೆಸಿದರು. ತುಂಡು ಮುರಿದು, ದಾಸವಾಳದ ಕಡ್ಡಿ ಕೊಟ್ಟಂತೆ ಗೆಳೆಯರಿಗೆ ಹಂಚಿದರು.

ಇಂಥ ತೊಟ್ಟಿಯ ಮುಂದೆ ಕೂತವನ ದಿನಚರಿ ನೋಡಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಶಾಖ 25-26 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಮೇಲೆ. ಆವಿಯಾದ ನೀರಿಗೆ ಬದಲಾಗಿ ಸಿಹಿನೀರನ್ನೇ ಹಾಕಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಬೇಸಿಗೆಯಲ್ಲಿ ಕರೆಂಟು ಹೋಗಿ ನೀರಿನ ಶಾಖ ಎರಡು ಮೂರು ಡಿಗ್ರಿ ಏರಿ ನಿಂತರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಬಿಳಿ ಹವಳ ಸತ್ತ ಹವಳವಲ್ಲ, ಹಸಿದ ಹವಳ. ಬೇಗ ತಂಪಾದರೆ ಬದುಕೀತು. ಕಡಲಿನಲ್ಲಿ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು ಎಂದು ವಿಜ್ಞಾನಿಗಳು ಹೇಳುವಾಗ, ‘ಒಂದು ಡಿಗ್ರಿ ಯಾವ ಮಹಾ’ ಎಂದು ಬೇರೆಯವರು ಅಂದಾರು. ತೊಟ್ಟಿ ಇಟ್ಟವನು ಅನ್ನುವುದಿಲ್ಲ.

ಹಾಗೆಂದು ಈ ಹವ್ಯಾಸದ ಕೈ ಪೂರ್ತಿ ಶುದ್ಧವೇನಲ್ಲ. ಫಿಲಿಪ್ಪೀನ್ಸ್‌ನಲ್ಲಿ ಅಲಂಕಾರದ ಮೀನು ಹಿಡಿಯಲು ದಿಬ್ಬದ ಸಂದಿಗೆ ಸಯನೈಡ್ ಸಿಂಪಡಿಸುವ ಕ್ರಮ ದಶಕಗಳ ಕಾಲ ನಡೆಯಿತು. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಪುಟ್ಟ ಹಾಸಿನಷ್ಟು ಕಾಣಿಸಿಕೊಂಡ ಕೌಲೆರ್ಪಾ ಎಂಬ ಅಕ್ವೇರಿಯಂ ಪಾಚಿ, ಮುಂದೆ ಮೆಡಿಟರೇನಿಯನ್ನಿನ ತಳದಲ್ಲಿ ಸಾವಿರಾರು ಎಕರೆ ಹಬ್ಬಿತು. ನಮ್ಮ ಸರ್ಕಾರ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿಗಿರುವ ರಕ್ಷಣೆಯೇ ಅದಕ್ಕೂ ಸಿಕ್ಕಿತು. ನಮ್ಮ ಕಡಲಿನಿಂದ ಹವಳ ಕಿತ್ತು ತೊಟ್ಟಿಗೆ ಹಾಕುವುದು ಅಪರಾಧ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಸುತ್ತ ಮುಳುಗುವವರು ಕರ್ನಾಟಕದ ಹವಳವನ್ನು ಅದರ ಮನೆಯಲ್ಲೇ ನೋಡಬಹುದು.

ತೆರೆ ಮತ್ತು ಹವಳ ಎರಡನ್ನೂ ಬಲ್ಲವರೊಬ್ಬರ ಹೆಸರು ಹೇಳಬೇಕೆಂದರೆ ರಿಕಿ ಗ್ರಿಗ್. 1960ರ ದಶಕದ ದೊಡ್ಡ ತೆರೆಗಳ ಸರದಾರ, ಡ್ಯೂಕ್ ಕಹನಮೊಕು ಹೆಸರಿನ ಸ್ಪರ್ಧೆಯ ವಿಜೇತ. 1965ರಲ್ಲಿ ಅಮೆರಿಕದ ನೌಕಾಪಡೆಯ ಸೀಲ್ಯಾಬ್ ಪ್ರಯೋಗದಲ್ಲಿ ಕಡಲ ತಳದ ಮನೆಯಲ್ಲಿ ವಾಸವಾಗಿದ್ದ. ಮುಂದೆ ಹವಾಯಿ ವಿಶ್ವವಿದ್ಯಾಲಯದಲ್ಲಿ ಹವಳದ ವಿಜ್ಞಾನಿಯಾದ. ಹವಾಯಿ ದ್ವೀಪಸರಣಿ ವಾಯವ್ಯಕ್ಕೆ ಸರಿಯುತ್ತ ನಿಧಾನವಾಗಿ ಮುಳುಗುತ್ತಿದೆ. ತಂಪು ನೀರಿಗೆ ತಲುಪಿದ ಹವಳದ ಬೆಳವಣಿಗೆ ಈ ಮುಳುಗಡೆಗೆ ಸಾಟಿಯಾಗದ ಗಡಿಯೊಂದಿದೆ. ಅಲ್ಲಿಂದಾಚೆ ದಿಬ್ಬ ನೀರಿನಡಿ ಹೋಗುತ್ತದೆ. 1982ರಲ್ಲಿ ಅದಕ್ಕೆ ‘ಡಾರ್ವಿನ್ ಬಿಂದು’ ಎಂದು ಹೆಸರಿಟ್ಟವನು ಗ್ರಿಗ್.

ಸರ್ಫರುಗಳು ಚಳವಳಿಗಿಳಿದದ್ದಕ್ಕೆ ಕಾರಣ ತತ್ತ್ವಜ್ಞಾನವಲ್ಲ, ಕಿವಿ-ಹೊಟ್ಟೆಗಳ ಕಾಯಿಲೆ. ಕೊಳಚೆ ನೀರು ಮೊದಲು ಸೇರುವುದು ಅವರ ಬಾಯಿಗೆ. 1984ರಲ್ಲಿ ಕ್ಯಾಲಿಫೋರ್ನಿಯದ ಮ್ಯಾಲಿಬುವಿನಲ್ಲಿ ಸರ್ಫ್‌ರೈಡರ್ ಪ್ರತಿಷ್ಠಾನ, 1990ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ‘ಕೊಳಚೆಯ ವಿರುದ್ಧ ಸರ್ಫರುಗಳು’ ಸಂಘಟನೆ ಹುಟ್ಟಿದವು. ಇವರ ಪ್ರೀತಿಗೆ ಕಠಿಣ ಪರೀಕ್ಷೆ ಬಂದದ್ದು ತಹೀತಿಯಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆಗೆ ಟೆಅಹುಪೊಒ ಆಯ್ಕೆಯಾಯಿತು. ಬ್ಯಾಂಕ್ಸ್ ಕಂಡ ಆಟ ತನ್ನ ಹಳೆಯ ಮನೆಗೇ ಒಲಿಂಪಿಕ್ಸ್ ರೂಪದಲ್ಲಿ ಮರಳುವುದು ಸಂಭ್ರಮದ ವಿಷಯವೇ. ಆದರೆ ತೀರ್ಪುಗಾರರು ಕೂರಲು ದಿಬ್ಬದಲ್ಲಿ ಅಲ್ಯೂಮಿನಿಯಂ ಗೋಪುರ ನಿಲ್ಲಿಸಲು ಹೊರಟಾಗ ಊರಿನ ಸರ್ಫರುಗಳು, ಮೀನುಗಾರರು ಬೀದಿಗಿಳಿದರು. 2023ರ ಡಿಸೆಂಬರಿನಲ್ಲಿ ಪರೀಕ್ಷೆಗೆಂದು ತಂದ ಸರಕುದೋಣಿ ಹವಳಗಳನ್ನು ಮುರಿದುಹಾಕಿತು. ಕೊನೆಗೆ ಗೋಪುರ ಚಿಕ್ಕದಾಯಿತು, ಸ್ಪರ್ಧೆ ನಡೆಯಿತು. ಅದು ಗೆಲುವೋ ರಾಜಿಯೋ ಎಂಬುದರಲ್ಲಿ ಅಲ್ಲಿನವರಲ್ಲೇ ಭಿನ್ನಾಭಿಪ್ರಾಯವಿದ್ದರೆ ಆಶ್ಚರ್ಯವಿಲ್ಲ.

ಗಾಜಿನ ತೊಟ್ಟಿಗೂ ಅನಿರೀಕ್ಷಿತ ಪಾತ್ರವೊಂದು ಬಂದೊದಗಿದೆ. ತುಂಡು ಮುರಿದು ಬೆಳೆಸುವ ಹವ್ಯಾಸಿಗಳ ಕೈಚಳಕ ಈಗ ದಿಬ್ಬಗಳನ್ನು ಮತ್ತೆ ನೆಡುವ ವಿಧಾನಗಳಲ್ಲಿ ಸೇರಿಹೋಗಿದೆ. ಹವಳಗಳು ವರ್ಷಕ್ಕೆ ಕೆಲವೇ ರಾತ್ರಿ, ಚಂದ್ರನ ಲೆಕ್ಕ ಹಿಡಿದು, ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮೀ ಕ್ರಾಗ್ಸ್ ತಂಡ ಕೃತಕ ಚಂದ್ರ, ಕೃತಕ ಋತುಗಳನ್ನು ಸೃಷ್ಟಿಸಿ ತೊಟ್ಟಿಯಲ್ಲೇ ಇದನ್ನು ಸಾಧಿಸಿತು. ಅದೇ ತಂತ್ರದಿಂದ 2019ರ ಆಗಸ್ಟಿನಲ್ಲಿ ಫ್ಲೋರಿಡಾ ಅಕ್ವೇರಿಯಂನಲ್ಲಿ, ಅಟ್ಲಾಂಟಿಕ್‌ನಲ್ಲಿ ಅಳಿವಿನಂಚಿಗೆ ಬಂದಿದ್ದ ಕಂಬದ ಹವಳಗಳು ಮೊಟ್ಟೆಯಿಟ್ಟವು.

ನಾಲ್ಕು ವರ್ಷಗಳ ನಂತರ, 2023ರ ಜುಲೈನಲ್ಲಿ, ಫ್ಲೋರಿಡಾದ ದಕ್ಷಿಣ ತುದಿಯ ಕಡಲಿನ ಕೊಲ್ಲಿಯೊಂದರಲ್ಲಿ ನೀರಿನ ಶಾಖ 38 ಡಿಗ್ರಿ ಮುಟ್ಟಿತು. ಮನುಷ್ಯನಿಗಾದರೆ ಅದು ಜ್ವರ. ದಿಬ್ಬಕ್ಕೆ ಮರಳಿ ನೆಡಲೆಂದು ನೀರಿನಡಿಯ ನರ್ಸರಿಗಳಲ್ಲಿ ಬೆಳೆಸುತ್ತಿದ್ದ ಸಾವಿರಾರು ಹವಳಗಳನ್ನು ಮುಳುಗುಗಾರರು ಕಿತ್ತು, ಪೆಟ್ಟಿಗೆಗಳಲ್ಲಿ ತುಂಬಿ, ದಡದ ಮೇಲಿನ ತೊಟ್ಟಿಗಳಿಗೆ ಓಡಿಸಿದರು. ಕಡಲಲ್ಲೇ ಉಳಿದ ಕವಲುಕೊಂಬಿನ ಹವಳಗಳು ಅಲ್ಲಿ ಬಹುಪಾಲು ನಿರ್ನಾಮವಾದವು. ಅವುಗಳ ಹಲವು ವಂಶಗಳು ಇಂದು ಬದುಕಿರುವುದು ಗಾಜಿನಾಚೆ, ದೀಪದ ಬಿಸಿಲಿನಲ್ಲಿ, ಅಳೆದು ಸುರಿದ ಉಪ್ಪಿನ ನೀರಿನಲ್ಲಿ. ಮರಳಿ ಕಳಿಸಲು ಕಡಲು ತಣ್ಣಗಾಗುವುದನ್ನು ಅವುಗಳ ಪಾಲಕರು ಕಾಯುತ್ತಿದ್ದಾರೆ.